ಹೊಂಬರಡಿ ಕುರ್ಚಿ

ಘಾಟಿನ ಶಕೆ ನೂರಾ ಹದಿನೇಳು
ಎರಡನೇ ಬೇಸಿಗೆ, ಮೂವತ್ತೊಂಬತ್ತನೇ ತಾರೀಖು

ಶ್ರೀ ಕರಬಸಪ್ಪ ಹೊಂಬರಡಿ, ಮುಖ್ಯೋಪಾಧ್ಯಾಯರು, ಇವರಿಗೆ,

ಮೇಲಿನ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟುವುದಕ್ಕೇ ಇನ್ನೂ ಮುಕ್ಕಾಲು ಶತಮಾನ ಬೇಕು. ನಮ್ಮ ಕಾಲದಲ್ಲಿ ಬೇಸಿಗೆ ಒಮ್ಮೆ ಬಂದು ಹೋಗುತ್ತದೆ, ಮಳೆ ಬಂದಂತೆ ಮಾಡಿ ಮುಖ ತಿರುಗಿಸುತ್ತದೆ, ಆಮೇಲೆ ಮತ್ತೆ ಬೇಸಿಗೆಯೇ ಬಂದು ಕೂರುತ್ತದೆ. ಆ ಎರಡನೇ ಬೇಸಿಗೆಯ ತಿಂಗಳು ಹಿಡಿದರೆ ಬಿಡದ ನೆಂಟ. ನಲವತ್ತು ದಿನದ ತನಕ ಹೊರಡುವುದಿಲ್ಲ. ಶಕೆಗೆ ಘಾಟು ಎಂಬ ಹೆಸರು ಬರಲು ಕಾರಣ ತಾವೇ. ಅದನ್ನು ಮುಂದೆ ಹೇಳುತ್ತೇನೆ. ನನ್ನ ಬರಹದಲ್ಲಿ ನಿಮಗೆ ತಿಳಿಯದ ಮಾತುಗಳು ಬಂದರೆ ಕ್ಷಮಿಸಬೇಕು. ನಾನು ಕ್ಷಮೆ ಕೇಳುವುದು ಅಷ್ಟಕ್ಕೆ ಮಾತ್ರ. ಉಳಿದ ಯಾವುದಕ್ಕೂ ಕೇಳುವುದಿಲ್ಲ.

ಹಿಂದಿನ ಕಾಲಕ್ಕೆ ಕಳಿಸುವ ಓಲೆಗೆ ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮಕ್ಕೆ ಒಂದೇ. ಹೆಚ್ಚಿನ ಜನ ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ, ಅಥವಾ ಮುಳುಗುವ ದೋಣಿ ಹತ್ತಲಿರುವ ಅಣ್ಣನಿಗೆ. ನನ್ನ ತಂಗಿ ಮದುವೆಗೆ ಮುಂಚಿನ ತನಗೇ ಬರೆದುಕೊಂಡು, ಈ ಗಂಡು ಬೇಡವೆಂದು ಎಚ್ಚರಿಸಿದಳು. ಆ ಗಂಡು ಈಗಲೂ ಅವಳ ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ. ಓಲೆ ತಲುಪಲಿಲ್ಲವೋ, ತಲುಪಿಯೂ ಹುಡುಗಿ ಕೇಳಲಿಲ್ಲವೋ, ತಲುಪಿದ ಲೋಕವೇ ಬೇರೆಯೋ, ಬಲ್ಲವರು ಯಾರೂ ಇಲ್ಲ. ಇಷ್ಟು ತಿಳಿದೂ ನನ್ನ ಪಾಲಿನ ಒಂದೇ ಒಂದು ಓಲೆಯನ್ನು ನಾನು ನನ್ನ ತಾಯಿಗೆ ಬರೆಯದೆ, ಮುಖ ಕಾಣದ ನಿಮಗೆ ಬರೆಯುತ್ತಿದ್ದೇನೆ. ಪ್ರೀತಿಯಿಂದಲ್ಲ, ಮಾಸ್ತರರೇ. ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ನಮ್ಮ ಮನೆತನದ ಹಗೆಗೆ ಆ ಲೆಕ್ಕ ಏನೇನೂ ಸಾಲದು.

ನನ್ನ ಹೆಸರು ಅರಳವ್ವ ಫಕ್ಕೀರವ್ವನವರ. ನಮ್ಮಲ್ಲಿ ಅಡ್ಡಹೆಸರು ಹೆಣ್ಣಿನ ಕಡೆಯಿಂದ ಬರುತ್ತದೆ. ಫಕ್ಕೀರವ್ವ ಎಂದರೆ ನನ್ನ ಅಜ್ಜಿಯ ಅಜ್ಜಿಯ ಅವ್ವ. ನಿಮಗೆ ಆ ಹೆಸರು ಗೊತ್ತಿಲ್ಲ, ಕೇಳುವ ತೊಂದರೆಯನ್ನೂ ತಾವು ತೆಗೆದುಕೊಂಡಿಲ್ಲ. ಆದರೆ ಹೆಂಗಸು ಗೊತ್ತು. ನೀವು ಈ ಸಾಲು ಓದುವ ಹೊತ್ತಿಗೆ ಅವಳು ನಿಮ್ಮ ಪ್ರೌಢಶಾಲೆಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಾಳೆ. ಇವತ್ತು ಬುಧವಾರ. ಪ್ರಾರ್ಥನೆ ಮುಗಿದಾಗ ನೀವೇ ಅವಳನ್ನು ಅಲ್ಲಿ ನಿಲ್ಲಿಸಿದಿರಿ, ಈಗ ಮಧ್ಯಾಹ್ನದ ಊಟದ ಬೆಲ್ಲೂ ಆಗಿದೆ. ನಿಮ್ಮ ಮೇಜಿನ ಮೇಲೆ ಈ ಓಲೆಯ ಕೆಳಗೆ ನಿಮ್ಮದೇ ಕೈಬರಹದ ಭಾಷಣ ಇದೆ: ‘ಮಕ್ಕಳ ಓದಿನಲ್ಲಿ ಪಾಲಕರ ನಿರಾಸಕ್ತಿ, ಕಾರಣ ಮತ್ತು ಪರಿಹಾರ.’ ಇನ್ನು ಸ್ವಲ್ಪ ಹೊತ್ತಿನಲ್ಲಿ ಅದನ್ನು ಜೇಬಿಗಿಟ್ಟು, ಹಿಂದಿನ ಗೇಟಿನಿಂದ ಬೈಕು ಹತ್ತಿ, ತಾಲೂಕಿನ ಸಭೆಗೆ ಹೋಗುವವರಿದ್ದೀರಿ.

ಏಳಬೇಡಿ. ಕುರ್ಚಿಯಲ್ಲಿ ಕೂತೇ ಓದಿ. ಕೂರಿಸಿ ಹೇಳುವ ಆಸೆ ನಮಗೆ ನೂರು ವರ್ಷದ್ದು.

ಬೆಳಿಗ್ಗೆ ನಡೆದದ್ದನ್ನು ನಮ್ಮ ಮನೆಯಲ್ಲಿ ಮಕ್ಕಳಿಗೆ ಕತೆಯಂತೆ ಹೇಳುತ್ತೇವೆ, ಹಾಗಾಗಿ ನನಗೆ ಬಾಯಿಪಾಠ. ಫಕ್ಕೀರವ್ವ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಮುರಿಯುವವಳು. ಸುಗ್ಗಿಯ ದಿನ. ಮಗಳು ಪವಿತ್ರಾ ನಿಮ್ಮ ಒಂಬತ್ತನೇ ಇಯತ್ತೆಯ ಕೊನೆಯ ಬೆಂಚಿನಲ್ಲಿ ಕೂರುವ ಎತ್ತರದ ಹುಡುಗಿ. ಗಣಿತದಲ್ಲಿ ಫೇಲಾದಳು, ಬೋರ್ಡಿನ ಮೇಲೆ ಬರೆದದ್ದನ್ನು ಇಳಿಸಿಕೊಳ್ಳುವುದಿಲ್ಲ, ಸೊಕ್ಕು ಎಂದು ನೀವು ತೀರ್ಮಾನಿಸಿ, ನಿಮ್ಮವ್ವನನ್ನು ಕರಕೊಂಡು ಬಾ ಎಂದಿರಿ. ಅವ್ವ ಬಂದಳು. ಪೇಟೆಯ ಮುಕಾದಮನ ಹತ್ತಿರ ಗೋಗರೆದು ಅರ್ಧ ದಿನ ಬಿಡುವು ತಗೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಆದರೆ ಮೆಣಸಿನಕಾಯಿಯವರ ಮನೆಯಲ್ಲಿ ಒಳ್ಳೆಯ ಸೀರೆಗೂ ಘಾಟು ಇರುತ್ತದೆ, ಕೂದಲಿಗೂ ಇರುತ್ತದೆ. ನಿಮ್ಮ ಆಫೀಸಿನ ಹೊಸ್ತಿಲಲ್ಲಿ ಅವಳು ಕೈಮುಗಿಯುವಷ್ಟರಲ್ಲಿ ನೀವು ಸೀನಿದಿರಿ. ಹೊರಗಿನ ಹುಡುಗರು ನಕ್ಕರು. ನೀವು ಕರ್ಚೀಫು ಮೂಗಿಗೆ ಹಿಡಿದು, “ಏನವಾ, ಮೆಣಸಿನಕಾಯಿ ಗೋದಾಮನ್ನ ಹೊತ್ಕೊಂಡು ಬಂದೀಯೇನು? ಗೇಟಿನ ಹೊರಗ ನಿಂದ್ರು, ಆಮ್ಯಾಲೆ ಕರೀತೀನಿ,” ಅಂದಿರಿ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ನಮ್ಮ ಸೀಮೆಯ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇಡೀ ದೇಶಕ್ಕೆ ಗೊತ್ತಿದ್ದ ಸಂಗತಿ. ಅದರ ಘಾಟಿಗೆ ಹೊಸ್ತಿಲಾಚೆಯಿಂದ ಸೀನಿದ ಮೂಗು ನಿಮ್ಮದೊಂದೇ ಇರಬೇಕು.

ಅವಳು ನಿಂತಳು. ನಿಂತೇ ಇದ್ದಾಳೆ. ಅವಳು ಹೇಳಲು ಬಂದದ್ದು ಪುರಾಣವಲ್ಲ, ಒಂದೇ ಒಂದು ಮಾತು: “ನನ್ನ ಮಗಳಿಗೆ ದೂರದ್ದು ಕಾಣಂಗಿಲ್ರಿ. ಮುಂದ ಕುಂದರಸ್ರಿ.” ಹುಡುಗಿ ಓಣಿಯ ಆ ತುದಿಯಲ್ಲಿ ಬರುವ ತನ್ನ ಅವ್ವನನ್ನೇ ನಡಿಗೆ ನೋಡಿ ಗುರುತು ಹಿಡಿಯುತ್ತಾಳೆ, ಮುಖ ನೋಡಿ ಅಲ್ಲ. ಮನೆಯವರಿಗೆ ಇದು ಗೊತ್ತಿತ್ತು. ಶಾಲೆಗೆ ಗೊತ್ತಿರಲಿಲ್ಲ. ಹುಡುಗಿಗೆ, ಎಲ್ಲರಿಗೂ ಲೋಕ ಹೀಗೇ ಮಬ್ಬಾಗಿ ಕಾಣುತ್ತದೆ ಎಂದೇ ನಂಬಿಕೆ, ಅದಕ್ಕೇ ಅವಳು ಬಾಯಿ ಬಿಟ್ಟಿರಲಿಲ್ಲ. ಪಕ್ಕದ ಹುಡುಗಿಯ ನೋಟ್ಸಿನ ಪಟ್ಟಿ ನೋಡಿ ಬರೆದುಕೊಳ್ಳುತ್ತಿದ್ದಳು. ಮಾತಾಡುತ್ತಾರೆ ಎಂದು ನೀವು ಆ ಪಕ್ಕದವಳನ್ನು ಎಬ್ಬಿಸಿ ಬೇರೆ ಬೆಂಚಿಗೆ ಹಾಕಿದಿರಿ. ಅಲ್ಲಿಂದ ಮುಂದೆ ಇವಳ ಪಟ್ಟಿ ಖಾಲಿ.

ನೀವು ಇವತ್ತು ಕರೆಯಲಿಲ್ಲ. ಬೇಕಂತ ಅಲ್ಲ, ಮರೆತಿರಿ. ಮರೆಯುವುದು ನಿಮಗೆ ಅಷ್ಟು ಸುಲಭವಾಗಿತ್ತು ಎಂಬುದೇ ನನ್ನ ಹೊಟ್ಟೆ ಉರಿಸುವುದು. ಬೇಕಂತ ಮಾಡಿದವನಾದರೆ ರಾತ್ರಿ ಮಗ್ಗುಲು ಬದಲಿಸುತ್ತಿದ್ದ. ನೀವು ಸುಖವಾಗಿ ನಿದ್ದೆ ಮಾಡಿದಿರಿ. ಸಭೆಯಲ್ಲಿ ಭಾಷಣ ಚೆನ್ನಾಗಿ ಆಯಿತು, ಶಾಲು ಹೊದಿಸಿದರು. ಮರುದಿನ ತರಗತಿಗೆ ಬಂದು ಎಲ್ಲರ ಮುಂದೆ ಪವಿತ್ರಾಳನ್ನು ನಿಲ್ಲಿಸಿ, “ನಿಮ್ಮವ್ವ ಬರಲೇ ಇಲ್ಲಲ್ಲ? ನಿಮ್ಮಂಥವರಿಗೆ ಮಕ್ಕಳ ಓದು ಅಂದ್ರ ಕಾಳಜೀನೇ ಇಲ್ಲ,” ಅಂದಿರಿ. ಅವಳು, “ಬಂದಿದ್ಲು ಸರ್,” ಅಂದಳು. “ಸುಳ್ಳು ಬ್ಯಾರೆ ಹೇಳ್ತೀಯಾ?” ಅಂದಿರಿ. ನಿಮ್ಮ ಮನಸ್ಸಿನಲ್ಲಿ ಪಾಲಕರು ಬಂದರು ಎಂದರೆ ಕುರ್ಚಿಯಲ್ಲಿ ಕೂತರು, ಚಹಾ ಕುಡಿದರು ಎಂದು ಅರ್ಥ. ಗೇಟಿನ ಹೊರಗೆ ನಿಂತದ್ದು ಬಂದ ಲೆಕ್ಕಕ್ಕೇ ಸೇರಿರಲಿಲ್ಲ. ಅವ್ವ ಬಿಸಿಲಲ್ಲಿ ನಿಂತದ್ದನ್ನು ಕಿಟಕಿಯಿಂದ ಅವಳ ನಿಲುವಿನಿಂದಲೇ ಗುರುತು ಹಿಡಿದಿದ್ದ ಹುಡುಗಿ ಆವತ್ತು ಸುಳ್ಳಿ ಎನಿಸಿಕೊಂಡು ಕೂತಳು. ಆಮೇಲೆ ಅವಳು ಶಾಲೆಗೆ ಬರಲಿಲ್ಲ. ನೀವು ಹಾಜರಿ ಪುಸ್ತಕದಲ್ಲಿ ಒಂದಿಷ್ಟು ದಿನ ಸೊನ್ನೆ ಹಾಕಿ, ಕೊನೆಗೆ ಹೆಸರಿನ ಮೇಲೆ ಗೆರೆ ಎಳೆದಿರಿ.

ಇದೆಲ್ಲ ನಾಳೆ ನಡೆಯುವುದು, ನಿಮ್ಮ ಲೆಕ್ಕದಲ್ಲಿ. ನಮ್ಮ ಲೆಕ್ಕದಲ್ಲಿ ನಡೆದುಹೋದದ್ದು.

ಇನ್ನು ನಮ್ಮ ಕಾಲದ ಪ್ರೌಢಶಾಲೆ ಹೇಗಿದೆ ಎಂದು ಹೇಳುತ್ತೇನೆ. ನಿಮಗೆ ಸಂತೋಷವಾಗಲಿ ಎಂದು ಹೇಳುತ್ತಿಲ್ಲ. ನಿಮ್ಮ ಶಾಲೆಯ ಜಾಗದಲ್ಲೇ ನಮ್ಮದೂ ಇದೆ. ಬಿಸಿಲು ತಡೆಯಲಾಗದ ಕಾರಣ ಕೋಳಿ ಕೂಗುವಾಗ ಶುರುವಾಗಿ, ನೆರಳು ಕಾಲಬುಡಕ್ಕೆ ಬರುವ ಮೊದಲೇ ಬಿಡುತ್ತದೆ. ರಸ್ತೆಗಳ ಮೇಲೆ ನೆರಳುಬಟ್ಟೆ ಕಟ್ಟಿದೆ; ಮೆಣಸಿನಕಾಯಿ ಒಣಗಿಸುವವರು ಮಾತ್ರ ತಮ್ಮ ಕಣದ ಮೇಲಿನ ಬಟ್ಟೆ ಸರಿಸಿಕೊಳ್ಳುತ್ತಾರೆ, ಹಾಗಾಗಿ ಗುಡ್ಡದ ಮೇಲಿಂದ ನೋಡಿದರೆ ಊರೆಲ್ಲ ಬೂದು, ಪೇಟೆ ಒಂದೇ ಕೆಂಪು. ಶಾಲೆಗೆ ಕಾಂಪೌಂಡು ಇಲ್ಲ, ಗೇಟೂ ಇಲ್ಲ. ನಡುವೆ ಒಲೆಮನೆ ಎಂಬುದಿದೆ. ಮಕ್ಕಳ ಮನೆಯವರು ಸರದಿಯ ಮೇಲೆ ಬಂದು ರೊಟ್ಟಿ ಬಡಿಯುವ ಜಾಗ ಅದು, ತರಗತಿಗಳೆಲ್ಲ ಅದರ ಸುತ್ತ. ರೊಟ್ಟಿ ಬಡಿಯುವವರ ಕಿವಿಗೆ ಪಾಠ ಬೀಳುತ್ತದೆ, ಪಾಠ ಮಾಡುವವರ ಮೂಗಿಗೆ ಪಲ್ಯ. ಬೀಜಗಣಿತ ಕಲಿಸುವಾಗ ಮಾಸ್ತರು ಎಡವಿದರೆ ಒಲೆಯ ಹತ್ತಿರದಿಂದ ಯಾರದೋ ಸೋದರಮಾವ ಕೆಮ್ಮುತ್ತಾನೆ. ಮಾಸ್ತರಿಗೆ ಅದು ಹಿಡಿಸುವುದಿಲ್ಲ, ಆದರೆ ತಿದ್ದಿಕೊಳ್ಳುತ್ತಾರೆ.

ತಿಂಗಳಿಗೊಮ್ಮೆ ಕೂಡುದಿನ. ಆ ದಿನ ಪ್ರತಿ ಮಗುವಿನ ಪಕ್ಕ ಮನೆಯವರೊಬ್ಬರು ಬೆಂಚಿನಲ್ಲೇ ಕೂತು ಇಡೀ ಪಾಠ ಕೇಳಬೇಕು. ಪೇಟೆಯವರು, ಗಿರಣಿಯವರು, ಆಸ್ಪತ್ರೆಯವರು ಯಾರೂ ಆ ದಿನದ ಕೂಲಿ ಹಿಡಿಯುವಂತಿಲ್ಲ. ಹಿಡಿದರೆ ಆ ಕೂಲಿಯವರ ಮಗುವಿನ ಪಕ್ಕ ಕೂರಲು ಹಿಡಿದವನೇ ಬರಬೇಕು, ಊರ ಮುಂದೆ. ಮನೆಯಲ್ಲಿ ಯಾರೂ ಇಲ್ಲದ ಮಗುವಿಗೆ ಊರೇ ಒಬ್ಬ ಪಾಲಮಾವನನ್ನೋ ಪಾಲತ್ತೆಯನ್ನೋ ಕೊಡುತ್ತದೆ. ಅವರು ಆ ಮಗುವಿನ ಮದುವೆಯಲ್ಲೂ ಮುಂದಿನ ಸಾಲಿನಲ್ಲಿ ಕೂರುವ ಹಕ್ಕುಳ್ಳವರು. ದೊಡ್ಡ ಹುಡುಗರಿಗೆ ಅಪ್ಪ ಪಕ್ಕದಲ್ಲಿ ಕೂರುವುದೆಂದರೆ ನಾಚಿಕೆ, ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಾರೆ. ನಾಚಿಕೆಯಿಂದ ಈತನಕ ಯಾರೂ ಸತ್ತಿಲ್ಲ. ಶಾಲೆ ಬಿಟ್ಟ ಹುಡುಗಿ ಎಂದರೆ ಏನು ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಬಿಡಿಸಿ ಹೇಳಿದರೂ, ಶಾಲೆಯನ್ನು ಹೇಗೆ ಬಿಡುವುದು, ಅವ್ವ ಅಲ್ಲೇ ರೊಟ್ಟಿ ಬಡಿಯುತ್ತಿರುತ್ತಾಳಲ್ಲ ಅನ್ನುತ್ತಾರೆ.

ವರ್ಷದ ಮೊದಲ ದಿನ ಒಂದುಮಾತು ಎಂಬ ಆಚಾರ. ಪ್ರತಿ ಮನೆಯವರು ತಮ್ಮ ಮಗುವಿನ ಬಗ್ಗೆ ಶಾಲೆಗೆ ಗೊತ್ತಿಲ್ಲದ ಒಂದೇ ಒಂದು ಮಾತು ಹೇಳಬೇಕು. ಹೊಗಳಿಕೆ ನಡೆಯುವುದಿಲ್ಲ, ದೂರೂ ನಡೆಯುವುದಿಲ್ಲ. ಶಾಲೆಯ ಪರವಾಗಿ ಒಬ್ಬರು ನಿಂತು ಕೇಳಿಸಿಕೊಂಡು, ಅದನ್ನೇ ಅವರ ಬಾಯಿಯ ಮಾತಿನಲ್ಲೇ ತಿರುಗಿ ಹೇಳಿ, ಹೌದೇ ಎಂದು ಒಪ್ಪಿಗೆ ಪಡೆಯಬೇಕು. ಆ ಕೆಲಸದವರಿಗೆ ಕೇಳಾಳು ಎನ್ನುತ್ತಾರೆ. ನಾನು ಕೇಳಾಳು. ನನ್ನ ಕೂದಲು ಈ ಕೆಲಸದಲ್ಲೇ ಬೆಳ್ಳಗಾದದ್ದು. ಈ ವರ್ಷ ಒಬ್ಬ ಅಪ್ಪ ಬಂದು, “ನನ್ನ ಮಗಗ ಸಿಟ್ಟು ಬಂದ್ರ ಅದು ಸಿಟ್ಟಲ್ರಿ, ಹಸಿವು,” ಅಂದ. ಒಬ್ಬಳು ಅಜ್ಜಿ, “ನಮ್ಮ ಹುಡುಗಿ ಪಾಠದಾಗ ನಗಾಕತ್ತಿದ್ಲು ಅಂದ್ರ ತಿಳಿದಿಲ್ಲಂತ ತಿಳ್ಕೋರಿ, ಬೈಬ್ಯಾಡ್ರಿ,” ಅಂದಳು. ಇಂಥ ಮಾತು ಯಾವ ಪರೀಕ್ಷೆಯಲ್ಲೂ ಹೊರಬೀಳುವುದಿಲ್ಲ. ಮನೆಯಿಂದ ಯಾರಾದರೂ ಹೊತ್ತು ತರಬೇಕು, ಶಾಲೆಯಲ್ಲಿ ಯಾರಾದರೂ ಇಳಿಸಿಕೊಳ್ಳಬೇಕು. ಎಷ್ಟು ಸಲೀಸು ನೋಡಿ. ನಿಮಗೆ ಇವತ್ತು ಬೆಳಿಗ್ಗೆ ಬೇಕಾಗಿದ್ದದ್ದು ಇಷ್ಟೇ, ಮೂಗು ಮುಚ್ಚಿಕೊಂಡೇ ಆದರೂ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಂದುಮಾತಿನ ದಿನವೇ ಘಾಟು ದಿನ. ಹೆಡ್‌ಮಾಸ್ತರರಾದವರು, ಗಂಡಾಗಲಿ ಹೆಣ್ಣಾಗಲಿ, ಅಂಗಳದ ನಡುವೆ ಒಂದು ಕುರ್ಚಿಯಲ್ಲಿ ಕೂರಬೇಕು. ಅವರ ಮುಂದೆ ಬಾಣಲೆಯಲ್ಲಿ ಕೆಂಡ. ದೃಷ್ಟಿ ತೆಗೆಯುವಾಗ ಮಾಡುವ ಹಾಗೆ ಪ್ರತಿ ಮನೆಯವರೂ ಒಂದು ಹಿಡಿ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ, ಆಮೇಲೆ ತಮ್ಮ ಒಂದುಮಾತು ಹೇಳುತ್ತಾರೆ. ಕೊನೆಯ ಮನೆಯವರು ಹೇಳಿ ಮುಗಿಸುವ ತನಕ ಹೆಡ್‌ಮಾಸ್ತರರು ಏಳುವಂತಿಲ್ಲ, ಮೂಗಿಗೆ ಬಟ್ಟೆ ಹಿಡಿಯುವಂತಿಲ್ಲ. ಸೀನಬಹುದು, ಸೀನಿದಾಗೆಲ್ಲ ಮಕ್ಕಳು ಹೋ ಎಂದು ಕೂಗುತ್ತಾರೆ. ಕೆಂಡ ಕಾಯುವವಳು ನಾನೇ. ಒಂದು ವರ್ಷ ಹೊಸದಾಗಿ ಬಂದವರೊಬ್ಬರು, ಇದೆಲ್ಲ ಹಳೇ ಕಾಲದ ಹುಚ್ಚಾಟ ಎಂದು ಮೂಗು ಮುರಿದರು. ಆ ಸಲ ನಾನು ನಮ್ಮ ಊರಿನ ಮೆಣಸಿನಕಾಯಿ ಬದಲು ಗುಂಟೂರಿನದು ಹಾಕಿದೆ. ಅವರು ಅತ್ತದ್ದನ್ನು ನೋಡಿ ನನಗೆ ಆದ ಆನಂದವನ್ನು ನಾನು ಮುಚ್ಚಿಡುವುದಿಲ್ಲ.

ಆ ಕುರ್ಚಿಗೆ ಹೊಂಬರಡಿ ಕುರ್ಚಿ ಎಂದು ಹೆಸರು.

ಹೌದು, ನಿಮ್ಮದೇ. ಊರಿನ ಬಡಗಿಗೆ ಒಂದು ಹೊಂಬರಡಿ ಮಾಡಿಕೊಡಪ್ಪಾ ಎಂದರೆ ಆತ ಕೈ ಇರುವ, ಬೆನ್ನು ನೆಟ್ಟಗಿರುವ ಕುರ್ಚಿ ಮಾಡಿಕೊಡುತ್ತಾನೆ. ಹಾಗೆಂದರೆ ಒಬ್ಬ ಮನುಷ್ಯನ ಹೆಸರು ಎಂದು ಈಗ ನಮ್ಮ ಮನೆಯವರಿಗಲ್ಲದೆ ಇನ್ಯಾರಿಗೂ ಗೊತ್ತಿಲ್ಲ. ಅದು ಹೇಗೆ ಬಂತು ಎಂದರೆ, ಪವಿತ್ರಾ ಶಾಲೆ ಬಿಟ್ಟು ಅವ್ವನ ಪಕ್ಕ ಕೂತು ತೊಟ್ಟು ಮುರಿಯಲು ಶುರು ಮಾಡಿದಳು. ಬೆಳೆದಳು, ಮದುವೆಯಾದಳು, ನಂದಾ ಎಂಬ ಮಗಳನ್ನು ಹೆತ್ತಳು. ಮಗಳು ಪ್ರೌಢಶಾಲೆಗೆ ಸೇರುವ ಹೊತ್ತಿಗೆ ಪೇಟೆಯಲ್ಲಿ ಯಾರೋ ಪುಣ್ಯಾತ್ಮರು ಕಣ್ಣಿನ ತಪಾಸಣೆ ಇಟ್ಟರು. ಪವಿತ್ರಾಳಿಗೆ ಮೊದಲ ಸಲ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಮನೆಗೆ ನಡೆಯುತ್ತಾ ನಿಮ್ಮ ಶಾಲೆಯ ಎದುರು ಬಂದಾಗ, ರಸ್ತೆಯ ಈ ಕಡೆಯಿಂದಲೇ ಗೇಟಿನ ಮೇಲಿನ ಅಕ್ಷರ ಕಂಡವು. ಜನ್ಮದಲ್ಲಿ ಮೊದಲ ಸಲ ದೂರದಿಂದ ಓದಿದ್ದು ಅದೇ: ‘ಪಾಲಕರಿಗೆ ಆದರದ ಸ್ವಾಗತ.’ ತೀರಿಕೊಂಡಿದ್ದ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಆವತ್ತು ಇಡೀ ದಿನ ಅವ್ವ ಆ ಬೋರ್ಡಿನ ಕೆಳಗೇ ನಿಂತಿದ್ದಳು. ಪವಿತ್ರಾ ಅಲ್ಲೇ ರಸ್ತೆ ಅಂಚಿಗೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ, ನಕ್ಕು ನಕ್ಕು ಹೊಸ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳಂತೆ.

ನಿಮ್ಮ ಶಾಲೆಯಲ್ಲಿ ಆ ವರ್ಷ ದೊಡ್ಡ ಸಮಾರಂಭ. ನೀವು ಆಗ ನಿವೃತ್ತರು, ಮೊಣಕಾಲು ಹಿಡಿದಿತ್ತು, ಆದರೂ ಮುಖ್ಯ ಅತಿಥಿ. ಪಾಲಕರ ನಿರಾಸಕ್ತಿಯ ಬಗ್ಗೆ ನಿಮ್ಮಷ್ಟು ಚೆನ್ನಾಗಿ ಮಾತಾಡುವವರು ಜಿಲ್ಲೆಯಲ್ಲಿ ಇನ್ನೂ ಯಾರೂ ಹುಟ್ಟಿರಲಿಲ್ಲ. ಪವಿತ್ರಾ ಕೆಂಡ ತುಂಬಿದ ಬಾಣಲೆ ಹೊತ್ತುಕೊಂಡು ಬಂದು, ಗಾಳಿ ಯಾವ ಕಡೆಗೆ ಎಂದು ಸೆರಗು ಹಿಡಿದು ನೋಡಿ, ಗೇಟಿನ ಹೊರಗೇ ಕೂತು, ಅರ್ಧ ಚೀಲ ಮೆಣಸಿನಕಾಯಿ ಸುರಿದಳು. “ನಾ ಒಳಗ ಬರಂಗಿಲ್ರಿ, ನಮ್ಮವ್ವನ ಘಾಟು ಬರ್ತೈತಿ,” ಅಂದಳು. ಶಾಲೆಗೆ ಶಾಲೆಯೇ ಕೆಮ್ಮುತ್ತಾ ಗೇಟಿನ ಹೊರಗೆ ಬಂತು. ಮಾಸ್ತರು, ಮಕ್ಕಳು, ಮಾಲೆ ಹಾಕಿಸಿಕೊಂಡವರು, ಎಲ್ಲ. ಶಾಲೆ ಪಾಲಕರ ಹತ್ತಿರ ಬಂದದ್ದು ನಮ್ಮೂರ ಚರಿತ್ರೆಯಲ್ಲಿ ಅದೇ ಮೊದಲು. ಪೇಟೆಯ ಹೆಂಗಸರು ಕೆಲಸ ಬಿಟ್ಟು ಓಡಿಬಂದರು, ಸುತ್ತ ನಿಂತರು, ತಮ್ಮ ತಮ್ಮ ಮಕ್ಕಳ ಬಗ್ಗೆ ಹೇಳಬೇಕಾದದ್ದನ್ನು ಮಾಸ್ತರರ ಅಂಗಿ ಹಿಡಿದು ಹೇಳಿದರು. ನಾವು ಶಕೆ ಎಣಿಸುವುದು ಆ ದಿನದಿಂದ.

ವೇದಿಕೆಯ ಮೇಲೆ ಒಬ್ಬರೇ ಉಳಿದಿದ್ದಿರಿ. ಮೊಣಕಾಲು ಏಳಗೊಡಲಿಲ್ಲ, ಎಬ್ಬಿಸಲು ಯಾರಿಗೂ ನೆನಪಾಗಲಿಲ್ಲ. ಹೊರಗೆ ನಿಲ್ಲಿಸಿ ಮರೆತವರನ್ನು ಒಳಗೆ ಕೂರಿಸಿ ಮರೆತರು. ಮಾಡಿದ್ದುಣ್ಣೋ ಮಹಾರಾಯ. ಪವಿತ್ರಾ ಖಾಲಿ ಅಂಗಳ ದಾಟಿ ನಿಮ್ಮ ಕುರ್ಚಿಯ ಮುಂದೆ ಬಂದು ನಿಂತು, ಕೈಮುಗಿದು, ಅವ್ವ ಹೇಳಲು ಬಂದಿದ್ದ ಮಾತನ್ನೇ ಒಂದಕ್ಷರ ಬದಲಿಸದೆ ಹೇಳಿದಳು: “ನನ್ನ ಮಗಳಿಗೆ ದೂರದ್ದು ಕಾಣಂಗಿಲ್ರಿ. ಮುಂದ ಕುಂದರಸ್ರಿ.” ನೀವು ಸೀನಿದಿರಿ. ಕಣ್ಣೊರೆಸಿಕೊಂಡು, “ಯಾರವಾ ನೀನು? ನಿನ್ನ ಮಗಳು ಎಷ್ಟನೇ ಇಯತ್ತೆ?” ಅಂದಿರಿ.

ನೆನಪೇ ಇರಲಿಲ್ಲ ನಿಮಗೆ. ಅವಳು ಯಾರು, ಅವಳ ಅವ್ವ ಯಾರು, ಯಾವುದೂ. ಪವಿತ್ರಾ ತಿರುಗಿ ಬಂದಳು. ನನ್ನ ಅಜ್ಜಿಗೆ ಅವಳು ಮುದಿಪ್ರಾಯದಲ್ಲಿ ಹೇಳಿದ್ದು ಇದು: ಗೆದ್ದೆ, ಆದರೆ ಸೋತವನಿಗೆ ತಾನು ಸೋತದ್ದೇ ಗೊತ್ತಾಗಲಿಲ್ಲ. ಅಜ್ಜಿ ಅದನ್ನು ನನಗೆ ಹೇಳುವಾಗ ಹಲ್ಲು ಕಡಿದಳು. ನಾನು ಬರೆಯುತ್ತಾ ಕಡಿಯುತ್ತಿದ್ದೇನೆ. ನಿಮ್ಮ ಮೂಗಿಗೆ ಹೊಗೆ ಹೋಯಿತು, ನಿಮ್ಮ ಹೆಸರು ಕುರ್ಚಿಗೆ ಹೋಯಿತು, ನೂರು ವರ್ಷ ಮಕ್ಕಳು ಹೋ ಎಂದು ಕೂಗಿದರು, ಆದರೂ ಸೇಡು ತೀರಲಿಲ್ಲ. ಗೊತ್ತಿಲ್ಲದವನ ಮೇಲೆ ತೀರಿಸಿಕೊಂಡದ್ದು ಸೇಡಲ್ಲ, ಬರೀ ಸೀನು. ಅದಕ್ಕೇ ನನ್ನ ಒಂದೇ ಓಲೆ ನಿಮಗೆ. ಈಗ ನಿಮಗೆ ಗೊತ್ತಾಯಿತು. ನಾಳೆ ಹುಡುಗಿಗೆ ಸುಳ್ಳಿ ಅನ್ನುವಾಗ ಗೊತ್ತಿದ್ದೇ ಅನ್ನಬೇಕು, ಶಾಲು ಹೊದೆಯುವಾಗ ಗೊತ್ತಿದ್ದೇ ಹೊದೆಯಬೇಕು, ನಿದ್ದೆ ಬಂದರೆ ಮಾಡಿ.

ಇನ್ನೊಂದು ಸಂಗತಿ. ನಿಮ್ಮ ವಂಶದ ಕುಡಿಯೊಂದು ನಮ್ಮ ಶಾಲೆಯಲ್ಲೇ ಓದುತ್ತಿದೆ, ಎಂಟನೇ ಇಯತ್ತೆ, ಚುರುಕು ಹುಡುಗಿ, ನಿಮ್ಮದೇ ಮೂಗು. ಅವಳ ಅಪ್ಪ ಒಂದು ಕೂಡುದಿನವನ್ನೂ ತಪ್ಪಿಸಿದವನಲ್ಲ. ಒಲೆಮನೆಯಲ್ಲಿ ಅವನು ಬಡಿದ ರೊಟ್ಟಿ ಚಪ್ಪಲಿಯ ಅಟ್ಟೆಗೆ ಆಗುತ್ತದೆ, ಆದರೂ ಎಲ್ಲರೂ ನಕ್ಕೊಂಡು ತಿನ್ನುತ್ತೇವೆ. ನಮ್ಮಲ್ಲಿ ಹೆಣ್ಣಿನ ಕಡೆಯ ಹೆಸರಾದ್ದರಿಂದ ತಮ್ಮದು ಹೊಂಬರಡಿಯವರ ರಕ್ತ ಎಂದು ಅಪ್ಪನಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ನನಗೆ ಗೊತ್ತು. ಘಾಟು ದಿನ ಆ ಹುಡುಗಿ ಎಲ್ಲರಿಗಿಂತ ಜೋರಾಗಿ ಹೋ ಎಂದು ಕೂಗುವಾಗ, ಹತ್ತಿರ ಕರೆದು ಕಿವಿಯಲ್ಲಿ ಹೇಳಿಬಿಡಲೇ ಎಂದು ನಾಲಿಗೆ ತುರಿಸುತ್ತದೆ. ಈತನಕ ಹೇಳಿಲ್ಲ. ಈ ಓಲೆ ಮುಗಿದ ಮೇಲೆ ಹೇಳಬೇಕೆಂದಿದ್ದೆ.

ಇನ್ನೂ ಬರೆಯುವುದಿತ್ತು. ಫಕ್ಕೀರವ್ವ ಪೇಟೆಗೆ ತಿರುಗಿ ಹೋದಾಗ ಮುಕಾದಮ ಏನೆಂದ, ಪವಿತ್ರಾ ತನ್ನ ಪಾಟಿಚೀಲವನ್ನು ಏನು ಮಾಡಿದಳು, ಎಲ್ಲ ಒಂದೊಂದಾಗಿ ಬರೆದು ನಿಮ್ಮನ್ನು ಆ ಕುರ್ಚಿಗೆ ಇನ್ನಷ್ಟು ಹೊತ್ತು ಕಟ್ಟಿಹಾಕಬೇಕು, ನೀವು ಚಡಪಡಿಸಬೇಕು ಎಂದು ನನ್ನ ಲೆಕ್ಕ. ಅದಕ್ಕೇ ನಮ್ಮ ರಸ್ತೆ, ನಮ್ಮ ರೊಟ್ಟಿ, ನಮ್ಮ ಬಿಸಿಲು ಎಂದು ಉದ್ದ ಎಳೆದೆ. ಆದರೆ ಈಗ ಲೇಖನಿ ತಡೆಯುತ್ತಿದೆ. ನಾನು ನಿಮ್ಮನ್ನು ಕೂರಿಸಿದಷ್ಟು ಹೊತ್ತೂ ಅವಳು ನಿಂತಿದ್ದಾಳೆ. ನಿಮ್ಮ ಮೇಲಿನ ಸಿಟ್ಟಿಗೆ, ನಾನೂ ಅವಳನ್ನು ಗೇಟಿನ ಹೊರಗೇ ನಿಲ್ಲಿಸಿ ಮಾತಾಡುತ್ತಿದ್ದೇನೆ.

ಅವಳನ್ನು ಒಳಗೆ ಕರೆದರೆ ಹುಡುಗಿ ಮುಂದಿನ ಬೆಂಚಿಗೆ ಬರುತ್ತಾಳೆ, ಓದುತ್ತಾಳೆ, ಇನ್ನೆಲ್ಲೋ ಹೋಗುತ್ತಾಳೆ,  ಇನ್ನಾರನ್ನೋ ಮದುವೆಯಾಗುತ್ತಾಳೆ. ನಂದಾ ಹುಟ್ಟುವುದಿಲ್ಲ, ನನ್ನ ಅಜ್ಜಿ ಹುಟ್ಟುವುದಿಲ್ಲ. ಕೆಂಡವಿಲ್ಲ, ಕುರ್ಚಿಯಿಲ್ಲ, ನಾನು ಇಷ್ಟು ವರ್ಷ ಜತನದಿಂದ ಕಾಯ್ದ ಹಗೆಯೂ ಇಲ್ಲ. ಅದು ಬಿಟ್ಟರೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ, ಮಾಸ್ತರರೇ. ಇದನ್ನು ನಿಮಗೆ ಬಿಟ್ಟುಕೊಡಲು ನನಗೆ ಚೂರೂ ಮನಸ್ಸಿಲ್ಲ. ನಿಮ್ಮನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಆದರೆ ಬಿಸಿಲು ಏರಿದೆ. ಬೆಳಿಗ್ಗೆಯಿಂದ ಅವಳು ನೀರು ಕುಡಿದಿಲ್ಲ.

ಏಳಿ. ಭಾಷಣ ಅಲ್ಲೇ ಬಿಡಿ. ಒಂದು ತಂಬಿಗೆ ನೀರು ಹಿಡಿದುಕೊಂಡು ಮುಂದಿನ ಗೇಟಿಗೆ ನಡೆಯಿರಿ. ಸೀನು ಬಂದರೆ ಸೀನಿ, ಯಾರೂ ಹೋ ಎನ್ನುವುದಿಲ್ಲ. ಒಳಗೆ ಕರೆದು ನಿಮ್ಮ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ನೀವು ನಿಂತು ಕೇಳಿ. ಅವಳು ಹೇಳುವುದು ಒಂದೇ ಮಾತು.

ಅರಳವ್ವ ಫಕ್ಕೀರವ್ವನವರ
ಕೇಳಾಳು